ಬಣ್ಣ ತುಂಬುವ ಲೆಕ್ಕ

ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ನಂಬಿದವನ ಅಂಗಡಿಯಲ್ಲಿ ತಪ್ಪುಗಳಿಗೆ ಬಿಡುವೇ ಇರುವುದಿಲ್ಲ. ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲದಲ್ಲಿ ನಾನು ರಾಮನಗರದಲ್ಲಿ ಸ್ಟಿಕರ್ ಕಟಿಂಗ್ ಅಂಗಡಿ ಇಟ್ಟಿದ್ದೆ. ಆಗಿನದನ್ನು ನೆನೆದರೆ ನಗು ಬರುತ್ತದೆ, ಹಿಂದೆಯೇ ನಾಚಿಕೆಯೂ.

ಎರಡು ಹಾರ್ಟು

ವಿರೂಪಾಕ್ಷಿಪುರದಿಂದ ಮದುವೆ ಹೆಣ್ಣಿನ ಸೋದರಮಾವ ಬಂದರು. ಕಾರಿನ ಗಾಜಿಗೆ ಒಂದರೊಳಗೊಂದು ಸೇರಿದ ಎರಡು ಕೆಂಪು ಹಾರ್ಟು ಬೇಕಂತೆ. ಎರಡನ್ನೂ ಕಂಪ್ಯೂಟರ್‌ನಲ್ಲಿ ಕೂಡಿಸಿ, ಒಂದೇ ಆಕಾರವಾಗಿ ಕತ್ತರಿಸಿ ಅಂಟಿಸಿದೆ. ನೋಡಿದರೆ, ಅವು ಸೇರುವ ಜಾಗದಲ್ಲಿ ಬಣ್ಣವೇ ಇಲ್ಲ!

"ಏನ್ಲಾ ಇದು? ಎಲ್ಡೂ ಕೂಡೋ ಜಾಗನೇ ಖಾಲಿ ಐತಲ್ಲ!"

ಒಂದು ಜಾಗದಿಂದ ಹೊರಬರಲು ಎಷ್ಟು ಗೆರೆ ದಾಟಬೇಕು ಎಂದು ಸಾಫ್ಟ್‌ವೇರ್ ಎಣಿಸುತ್ತದೆ; ಒಂದಾದರೆ ಬಣ್ಣ, ಎರಡಾದರೆ ಖಾಲಿ ಎಂದು ಪಾಠ ಹೇಳಿದೆ. ಅರ್ಧ ಗಂಟೆಯಲ್ಲಿ ಬೇರೆ ಮಾಡಿಕೊಡಬಹುದಿತ್ತು. ಪಾಠವನ್ನಷ್ಟೇ ಕೊಟ್ಟೆ.

ಅವರು ನಿಟ್ಟುಸಿರು ಬಿಟ್ಟರು. "ಅಂಗಾರೆ ನಿನ್ನ ಕಂಪ್ಯೂಟರ್‌ಗೂ ಮದ್ವೆ ಆಗೈತೆ ಅನ್ನು."

ಕೆಂಪು ಬೊಟ್ಟು

ಆಮೇಲೆ ಸಾಫ್ಟ್‌ವೇರಿನ ಲೆಕ್ಕವನ್ನೇ ಬದಲಾಯಿಸಿದೆ. ಈ ಹೊಸ ಲೆಕ್ಕ ಗೆರೆ ಸುತ್ತುವ ದಿಕ್ಕನ್ನು ನೋಡುತ್ತದೆ. ಒಳಗೆರೆ ಹೊರಗೆರೆಯ ಎದುರು ದಿಕ್ಕಿಗೆ ಸುತ್ತಿದ್ದರೆ ನಡುವೆ ಖಾಲಿ. ಎರಡೂ ಒಂದೇ ಕಡೆ ಸುತ್ತಿದ್ದರೆ ಪೂರ್ತಿ ಬಣ್ಣ. ಇದು ನನಗೆ ಆಗ ಗೊತ್ತಿರಲಿಲ್ಲ.

ಒಂದು ಫ್ಯಾಕ್ಟರಿಗೆ ಧೂಮಪಾನ ನಿಷೇಧದ ಬೋರ್ಡು ಮಾಡಿದೆ. ಕೆಂಪು ಬಳೆಯ ನಡುವೆ ಸಿಗರೇಟು ಕಾಣಬೇಕಿತ್ತು. ಬಂದದ್ದು ತಟ್ಟೆಯಷ್ಟು ಅಗಲದ ಕೆಂಪು ಬೊಟ್ಟು. ನೋಡದೆ ಕಳಿಸಿಬಿಟ್ಟೆ.

ಮರುವಾರ ಹೋದಾಗ ಅದರ ಕೆಳಗೇ ಬೀಡಿ ತುಂಡುಗಳು. ಮ್ಯಾನೇಜರ್ ಕಬ್ಬಾಳು ಕಡೆಯ ವಾಚ್‌ಮನ್ನನಿಗೆ ಬೈಯುತ್ತಿದ್ದರು. ತಪ್ಪು ನನ್ನದೆಂದು ಬಾಯಿ ಬಿಡದೆ ನಿಂತೆ.

ಪಾಪ, ಅವನು ಹೇಳಿದ: "ನಾನೇನ್ ಮಾಡ್ಲಿ ಸಾರ್? ಕಬ್ಬಾಳಮ್ಮನ ಕುಂಕುಮ ಅಂದ್ಕೊಂಡು ಎಲ್ರೂ ಕೈ ಮುಗೀತಾರೆ. ಮುಗ್ದು, ಅಲ್ಲೇ ಕುಂತು ಸೇದ್ತಾರೆ."

ಕನ್ನಡಕ

ಸಾತನೂರು ಕಡೆಯ ಹೆಂಗಸೊಬ್ಬರು ತೀರಿಹೋದ ಗಂಡ ಕನ್ನಡಕ ಹಾಕಿಕೊಂಡಿದ್ದ ಹಳೆಯ ಫೋಟೊ ತಂದರು. ಅದನ್ನು ಕಪ್ಪು ಸ್ಟಿಕರ್‌ನಲ್ಲಿ ಕತ್ತರಿಸಿ ಸ್ಟೀಲ್ ತಗಡಿಗೆ ಅಂಟಿಸಿಕೊಡಬೇಕು. "ಕಣ್ಣು ಒಸಿ ಚೆಂದಾಗಿ ಬರ್ಲಿ ಕಣಪ್ಪ" ಎಂದಿದ್ದರು.

ಅವಸರದಲ್ಲಿ ಕತ್ತರಿಸಿದೆ. ಕನ್ನಡಕದ ಒಳಗೆರೆ, ಹೊರಗೆರೆ ಒಂದೇ ಕಡೆ ಸುತ್ತಿದ್ದವು. ಗಾಜು ಪೂರ್ತಿ ಕಪ್ಪಾಗಿತ್ತು. ಯಜಮಾನರು ಕೂಲಿಂಗ್ ಗ್ಲಾಸ್ ಹಾಕಿ ನಿಂತಿದ್ದರು. ಆಕೆ ಬಂದು ತಗಡನ್ನು ಕೈಗೆತ್ತಿಕೊಂಡಾಗಲೇ ನನಗೂ ಕಂಡದ್ದು.

ಆಕೆ ಕಪ್ಪು ಗಾಜಿನ ಮೇಲೆ ಬೆರಳಾಡಿಸಿದರು. ಕೇಳಿದ್ದೇ ಕಣ್ಣು, ಅದನ್ನೇ ನಾನು ಮುಚ್ಚಿದ್ದೆ. "ತಪ್ಪಾಯ್ತಮ್ಮ, ಕೊಡಿ, ಈಗಲೇ ಬೇರೆ ಮಾಡ್ತೀನಿ" ಎಂದು ಕೈ ಚಾಚಿದೆ.

ತಗಡನ್ನು ಎದೆಗವಚಿಕೊಂಡು ಆಕೆ ನಗತೊಡಗಿದರು, ಕಣ್ಣಲ್ಲಿ ನೀರು. "ಕಣ್ಣಿನ ಆಪ್ರೇಶನ್ ಆದಾಗ ಡಾಕ್ಟ್ರು ಕರಿ ಕನ್ನಡಕ ಹಾಕ್ಕೋ ಅಂದ್ರು. ನಾಚ್ಕೆ ಆಯ್ತದೆ ಅಂತ ಒಂದಿನಾನೂ ಹಾಕ್ಲಿಲ್ಲ ಈ ಮನ್ಷ. ನಾನೂ ಬೇಡ್ಕೊಂಡು ಬೇಡ್ಕೊಂಡು ಸಾಕಾಗಿದ್ದೆ."

"ಆದ್ರೂ ಕೊಡಿ, ತೆಗೆದುಬಿಡ್ತೀನಿ."

"ಬ್ಯಾಡ ಬುಡಪ್ಪ. ತೆಗ್ದ್ರೆ ತಿರ್ಗಾ ಹಾಕ್ಕೊಳಲ್ಲ ಅವ್ರು!"