ಚಿಕ್ಕಮ್ಮನ ಸೂರು ಇಳಿಸಿದ ಮಸೂದೆ

ನಮ್ಮ ಚಿಕ್ಕಮ್ಮನ ಮನೆಯ ಸೂರು ನೆಲಕ್ಕಿಳಿದದ್ದು ನನ್ನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಏಕೆಂದರೆ ಪೆರಿಯನಾಯಕನಪಾಳ್ಯಂನಲ್ಲಿ ನಮ್ಮ ನೇಯ್ಗೆಯವರ ಬೀದಿಗೆ ಬಂದು ನೀವು ಯಾರನ್ನು ಕೇಳಿದರೂ ಇದೇ ಸಂಗತಿಯನ್ನು ಉಪ್ಪು ಖಾರ ಹಚ್ಚಿ ಹೇಳುತ್ತಾರೆ, ಕೊನೆಗೆ ನನ್ನ ಮನೆಯ ದಾರಿಯನ್ನೂ ತೋರಿಸುತ್ತಾರೆ. ಹಾಗೆಂದು ಅದು ಇಳಿಯುವಾಗ ನಾನು ಒಂದು ಹೆಂಚನ್ನೂ ಮುಟ್ಟಲಿಲ್ಲ, ಆ ಮನೆಯ ಗೋಡೆಗೆ ಒರಗಿ ಕೂಡ ನಿಲ್ಲಲಿಲ್ಲ. ಅಲ್ಲಿ ಚೆನ್ನೈಯಲ್ಲಿ ವಿಧಾನಸಭೆ ನಡೆಯುತ್ತಿತ್ತು. ಇಲ್ಲಿ ನಾನು ಮೈಕಿನ ಮುಂದೆ ನಿಂತು ನಾಲ್ಕು ಮಾತಾಡಿದೆ. ಅಷ್ಟೆ. ನಾಲ್ಕು ಮಾತಿಗೆ ಒಂದು ಮನೆಯ ಸೂರು ಇಳಿಯುತ್ತದೆ ಎಂದು ಗೊತ್ತಿದ್ದರೆ ಮೂರಕ್ಕೇ ನಿಲ್ಲಿಸುತ್ತಿದ್ದೆ.

ಕೆಲವರಿಗೆ ಎಲೆಯಡಿಕೆಯ ಚಟ, ಕೆಲವರಿಗೆ ಸೀರಿಯಲ್ಲಿನ ಚಟ. ನನಗೆ ಬೇರೆಯವರ ಗಂಟಲಿನ ಚಟ. ಯಾರಾದರೂ ನನ್ನೆದುರು ಎರಡು ವಾಕ್ಯ ಆಡಿದರೆ ಮೂರನೆಯದನ್ನು ನಾನು ಅವರ ದನಿಯಲ್ಲೇ ಆಡಿ ಮುಗಿಸುತ್ತೇನೆ. ಆರನೇ ಕ್ಲಾಸಿನಲ್ಲಿ ಕಿಟಕಿಯ ಹೊರಗೆ ನಿಂತು ಹೆಡ್‌ಮಾಸ್ಟರ ದನಿಯಲ್ಲಿ "ಮಧ್ಯಾಹ್ನದಿಂದ ರಜಾ" ಎಂದು ಘೋಷಿಸಿದ್ದೆ. ಇಡೀ ತರಗತಿ ಚೀಲ ಎತ್ತಿಕೊಂಡು ಎದ್ದಿತು. ಏಳದೆ ಕುಳಿತಿದ್ದವರು ಒಬ್ಬರೇ, ಹೆಡ್‌ಮಾಸ್ಟರು. ಅಂದು ಅವರು ಲೆಕ್ಕದ ಪಾಠ ತೆಗೆದುಕೊಳ್ಳಲು ಬಂದಿದ್ದರೆಂದು ನನಗೆ ಹೇಗೆ ಗೊತ್ತಾಗಬೇಕು? ಗಾಂಧಿಪುರಂ ಬಸ್ಸಿನ ಕಂಡಕ್ಟರು, ಬೆಳಗಿನ ಹೊತ್ತು ಕೀರೆ ಸೊಪ್ಪು ಮಾರುವ ಅಜ್ಜಿ, ಸಾಲ ಕೊಡುತ್ತೇವೆಂದು ಫೋನು ಮಾಡುವ ಹುಡುಗಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ರಜೆ ಕೇಳುವಾಗ ನನಗೆ ಬರುವ ಒಂದು ಸೊರಗಿದ ದನಿಯಿದೆ. ಸ್ನೇಹಿತರು ಹೆಚ್ಚು ನಗುವುದು ಅದನ್ನು ಮಾಡಿ ತೋರಿಸಿದಾಗಲೇ.

ನಮ್ಮ ಮನೆಗಳಲ್ಲಿ ಕನ್ನಡ ಇರುವುದು ಆಡುವುದಕ್ಕೆ ಮಾತ್ರ. ಹೊಸಿಲು ದಾಟಿದರೆ ತಮಿಳು, ಶಾಲೆಯಲ್ಲಿ ತಮಿಳು, ಬೈಯುವಾಗ ಮಾತ್ರ ಎರಡೂ. ಅಕ್ಷರವನ್ನು ನಾನು ಕಲಿತದ್ದು ದಾವಣಗೆರೆ ಕಡೆಯಿಂದ ಇಲ್ಲಿನ ಮಿಲ್ಲಿಗೆ ಕೆಲಸಕ್ಕೆ ಬಂದ ಸ್ನೇಹಿತನಿಂದ. ನಾನು ಮಾತಾಡುವುದನ್ನು ಮೊದಲ ಸಲ ಕೇಳಿದಾಗ ಅವನು, "ನೀನು ಯಾವ ಭಾಷೆ ಮಾತಾಡ್ತಿದ್ದೀಯೋ ಮಾರಾಯ?" ಎಂದಿದ್ದ. ಆ ಸಿಟ್ಟಿಗೇ ಕಲಿತೆ. ಇದರಿಂದ ಆದ ದೊಡ್ಡ ಲಾಭವೆಂದರೆ ನಾನು ಇಲ್ಲಿ ಬರೆಯುವುದನ್ನು ನಮ್ಮ ಬಂಧುಬಳಗದಲ್ಲಿ ಒಬ್ಬರೂ ಓದಲಾರರು. ಆದ್ದರಿಂದ ಧೈರ್ಯವಾಗಿ ಮುಂದುವರಿಯುತ್ತೇನೆ.

ನಾನಿರುವುದು ನಮ್ಮ ನೇಯ್ಗೆಯವರ ಸಂಘದ ಆಫೀಸಿನಲ್ಲಿ. ಆಫೀಸೆಂದರೆ ಒಂದು ಕೋಣೆ, ಎರಡು ಕುರ್ಚಿ, ಒಂದು ಕಪ್ಪು ಹಲಗೆ, ಬೀದಿಗೆ ಮುಖಮಾಡಿದ ಒಂದು ಲೌಡ್‌ಸ್ಪೀಕರು. ನನ್ನ ಹುದ್ದೆಗೆ ಹೆಸರಿಲ್ಲ. ಅರ್ಜಿ ತುಂಬುತ್ತೇನೆ, "ನೂಲು ಬಂದಿದೆ, ಬಂದು ತೆಗೆದುಕೊಳ್ಳಿ" ಎಂದು ಮೈಕಿನಲ್ಲಿ ಕೂಗುತ್ತೇನೆ. ಸಂಘದ ಅಧ್ಯಕ್ಷರು ಕುಪ್ಪುಸಾಮಿ ಮಾವ. ಹಿಂದೊಮ್ಮೆ ಯಾವುದೋ ಕಾನೂನು ಜಾರಿಗೆ ಬಂದು, ಬಂದದ್ದೇ ಗೊತ್ತಿಲ್ಲದೆ ಇಡೀ ಬೀದಿ ಪೇಚಿಗೆ ಸಿಕ್ಕಿತ್ತಂತೆ. ಅಂದಿನಿಂದ ಅವರದೊಂದು ನಿಯಮ: ಅಧಿವೇಶನ ಶುರುವಾಯಿತೆಂದರೆ ನಮಗೆ ತಗಲುವ ಮಸೂದೆಗಳ ಮೇಲೆ ಸಂಘದವರು ಒಬ್ಬರು ಕಣ್ಣಿಟ್ಟಿರಬೇಕು. ಆ ಕಣ್ಣು ನಾನು. ಯಾವುದು ಬಂತು, ಯಾವುದು ಎಲ್ಲಿ ಸಿಕ್ಕಿಕೊಂಡಿದೆ, ಯಾವುದು ಉಳಿಯಿತು, ಯಾವುದು ಹೋಯಿತು ಎಂದು ದಿನವೂ ಹಲಗೆಯ ಮೇಲೆ ಬರೆಯಬೇಕು.

ಇದು ಒಣ ಕೆಲಸವೆಂದು ನೀವು ಭಾವಿಸಿದರೆ ನಮ್ಮ ಬೀದಿಯ ಹೆಂಗಸರನ್ನು ನೀವು ಕಂಡಿಲ್ಲ. ನಲ್ಲಿಯಲ್ಲಿ ನೀರು ಹಿಡಿದು ಹೋಗುವಾಗ, ಆಸ್ಪತ್ರೆಗೆ ಸೇರಿಸಿದ ನೆಂಟರನ್ನು ವಿಚಾರಿಸುವಂತೆ, "ಏನ್ಡಾ ಮಣಿ, ಆ ಕರೆಂಟು ಮಸೋದಾ ಹೆಂಗಿದೆ ಈಗ?" ಎಂದು ಕೇಳುತ್ತಾರೆ. ನಾನೂ ಡಾಕ್ಟರ ದನಿ ತಂದುಕೊಂಡು, "ಇನ್ನೂ ಎರಡು ದಿನ ನೋಡಬೇಕಮ್ಮ" ಎನ್ನುತ್ತೇನೆ. ನೋಡುತ್ತ ನೋಡುತ್ತ ಮಸೂದೆಗಳ ಜಾತಕವೇ ನನಗೆ ತಿಳಿದುಬಿಟ್ಟಿದೆ. ಕೆಲವು ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದ ಊಟಕ್ಕೆ ಮುಂಚೆ ಕಾನೂನಾಗಲು ಹೊರಡುತ್ತವೆ. ಸದಸ್ಯರ ಸಂಬಳಕ್ಕೆ ಸಂಬಂಧಿಸಿದವು ಹೆಚ್ಚಾಗಿ ಈ ಗಟ್ಟಿ ಜಾತಿಯವು, ಶೀತವೂ ಆಗುವುದಿಲ್ಲ. ಕೆಲವನ್ನು ಪರಿಶೀಲನಾ ಸಮಿತಿಗೆ ಕಳಿಸುತ್ತಾರೆ. "ಹುಡುಗಿಯ ಜಾತಕ ಕೊಟ್ಟಿರಿ, ಮನೆಯಲ್ಲಿ ಕೇಳಿ ಹೇಳುತ್ತೇವೆ" ಎಂದು ಗಂಡಿನವರು ಹೋದಂತೆ ಅದು. ಕೆಲವು ಸಭೆಯಲ್ಲಿ ಪಾಸಾಗಿ, ಸಹಿಗೆಂದು ರಾಜಭವನಕ್ಕೆ ಹೋಗಿ, ಅಲ್ಲಿಯ ತಂಪಿನಲ್ಲಿ ಮಲಗಿಬಿಡುತ್ತವೆ. ಇನ್ನು ಕೆಲವನ್ನು ತಂದವರೇ ವಾಪಸು ತೆಗೆದುಕೊಂಡು ಹೋಗುತ್ತಾರೆ, ಮದುವೆಗೆ ತಂದ ಪಾತ್ರೆಯನ್ನು ಹೆಸರು ಕೆತ್ತಿಸುವ ಮುಂಚೆ ಮನಸ್ಸು ಬದಲಾಯಿಸಿದವರ ಹಾಗೆ.

ಆ ಅಧಿವೇಶನದಲ್ಲಿ ಬೀದಿಯೆಲ್ಲ ಕಾದು ಕುಳಿತಿದ್ದದ್ದು ಪಟ್ಟಾ ಮಸೂದೆಗೆ. ಸರ್ಕಾರಿ ಜಾಗದಲ್ಲಿ ತಲೆಮಾರುಗಳಿಂದ ಮನೆ ಕಟ್ಟಿಕೊಂಡು ಮಗ್ಗ ಹೂಡಿದವರಿಗೆ ಆ ಜಾಗದ ಹಕ್ಕುಪತ್ರ ಕೊಡುವ ಮಸೂದೆ ಅದು. ನಮ್ಮ ಬೀದಿಯ ಒಂದು ಸಾಲು ಪೂರ್ತಿ ಅಂಥ ಜಾಗ. ಅದರಲ್ಲಿ ಮೂರನೆಯ ಮನೆ ನಮ್ಮ ಸರಸು ಚಿಕ್ಕಮ್ಮನದು.

ಈಗ ಚಿಕ್ಕಪ್ಪನ ವಿಷಯ ಹೇಳಬೇಕು. ಚಿನ್ನಸಾಮಿ ಚಿಕ್ಕಪ್ಪ ಮಗ್ಗದ ಮುಂದೆ ಕೂತರೆ ಜರಿಯ ಅಂಚಿನಲ್ಲಿ ನವಿಲು ಕುಣಿಯುತ್ತದೆ. ಮಗ್ಗದಿಂದ ಎದ್ದರೆ ಅವರಲ್ಲಿ ಒಂದೇ ಒಂದು ವಾಕ್ಯ ಇರುತ್ತದೆ. "ಪಟ್ಟಾ ಬರ್ಲಿ, ಪಾರ್ಪ್ಪೋಂ." ಅಂದರೆ, ಆಮೇಲೆ ನೋಡೋಣ. ಬಾಗಿಲು ಕಿರುಗುಟ್ಟುತ್ತದೆ, ಪಟ್ಟಾ ಬರಲಿ. ನೆಲ ಕಿತ್ತಿದೆ, ಪಟ್ಟಾ ಬರಲಿ. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಿರಿ ಎಂದರೆ, "ಯಾರದೋ ಜಾಗದ ಗೋಡೆಗೆ ನಾನ್ಯಾಕೆ ಮೊಳೆ ಹೊಡೀಲಿ?" ಆ ಮನೆಯ ಸೂರು ಅವರಜ್ಜನ ಕಾಲದ್ದು. ಗೆದ್ದಲು ತಿಂದ ತೊಲೆಗಳ ಮೇಲೆ ಹೆಂಚುಗಳು ಬರೀ ಅಭ್ಯಾಸಬಲದಿಂದ ಕೂತಿದ್ದವು. ಮಳೆ ಬಂದರೆ ಚಿಕ್ಕಮ್ಮ ಅಡುಗೆಯ ಪಾತ್ರೆಗಳನ್ನೆಲ್ಲ ತಂದು ಮಗ್ಗದ ಸುತ್ತ ಇಡುತ್ತಿದ್ದಳು. ಹೂಡಿದ ಹಾಸಿನ ರೇಷ್ಮೆ ನೂಲು ಒಮ್ಮೆ ನೆನೆಯಿತೆಂದರೆ ತಿಂಗಳ ದುಡಿಮೆ ಹೋದಂತೆಯೇ. ಹಾಗೆ ಪಾತ್ರೆ ಇಡುವ ರಾತ್ರಿ ಅಡುಗೆಗೆ ಪಾತ್ರೆ ಇರುತ್ತಿರಲಿಲ್ಲ. "ನಮ್ಮ ಮನೆಯಲ್ಲಿ ಮಗ್ಗ ಉಣ್ಣುತ್ತೆ, ನಾವು ನೋಡ್ತೀವಿ" ಎಂದು ಅವಳೇ ನಗುತ್ತಿದ್ದಳು. ನಾನು ಚಿಕ್ಕಪ್ಪನ ಆ ಒಂದು ವಾಕ್ಯವನ್ನು ಅವರ ಕೆಮ್ಮಿನ ಸಮೇತ ಮಾಡಿ ತೋರಿಸಿದರೆ ಉಳಿದವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಅವಳು ಮಾತ್ರ ನಗದೆ ಸೂರಿನ ಕಡೆ ನೋಡುತ್ತಿದ್ದಳು.

ಆ ದಿನ ಬಂತು. ನಾನು ಸಂಘದ ಕೋಣೆಯಲ್ಲಿ ಮೊಬೈಲು ಹಿಡಿದು ಸಭೆಯನ್ನು ನೇರಪ್ರಸಾರದಲ್ಲಿ ನೋಡುತ್ತಿದ್ದೆ. ಪಟ್ಟಾ ಮಸೂದೆಯ ಹೆಸರು ಬಂತು. ಮಂತ್ರಿಗಳು ಎದ್ದು ಏನೋ ಓದಿ ಕೂತರು. ಆಮೇಲೆ ಸಭಾಧ್ಯಕ್ಷರು, ಒಪ್ಪುವವರು "ಆಮ್" ಎನ್ನಿ, ಒಪ್ಪದವರು "ಇಲ್ಲೈ" ಎನ್ನಿ ಎಂದರು. ಆಹಾ, ಆ ದನಿ! ತಂಬಿಗೆಯೊಳಗಿಂದ ಬಂದಂತೆ ದುಂಡಗೆ, ಯಾವ ಅವಸರವೂ ಇಲ್ಲದೆ, ಪ್ರತಿ ಅಕ್ಷರಕ್ಕೂ ಒಂದೊಂದು ಕುರ್ಚಿ ಹಾಕಿ ಕೂರಿಸಿದ ಹಾಗೆ. ಸಭೆ ಒಟ್ಟಾಗಿ "ಆಮ್" ಎಂದಿತು. "ಅಂಗೀಕಾರವಾಯಿತು" ಎಂದರು ಅವರು. ನನಗೆ ಮೈ ನವಿರೆದ್ದಿತು. ನಿಜ ಹೇಳಬೇಕೆಂದರೆ ಪಟ್ಟಾ ಸಿಕ್ಕಿತೆಂದು ಅಲ್ಲ, ದನಿ ಸಿಕ್ಕಿತೆಂದು.

ಮೈಕಿಗೆ ಹಾರಿದೆ. ಅದೇ ದನಿಯಲ್ಲಿ, ಅದೇ ಗಾಂಭೀರ್ಯದಲ್ಲಿ, "ಪಟ್ಟಾ ಮಸೋದಾ... ಒಪ್ಪುವವರು ಆಮ್ ಎನ್ನಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದೆ. ಒಂದು ಕ್ಷಣ ಮಗ್ಗಗಳು ನಿಂತವು. ಆಮೇಲೆ ಮನೆಮನೆಯಿಂದ "ಆಮ್!" ಎಂದು ಎದ್ದ ಕೂಗಿಗೆ ಟೀ ಅಂಗಡಿಯ ಮುಂದಿನ ನಾಯಿ ಎದ್ದು ಓಡಿತು. "ಅಂಗೀಕಾರವಾಯಿತು!" ಎಂದು ನಾನು ಮುಗಿಸಿದೆ. ಅಂದು ನನಗೆ ಸಿಕ್ಕ ಟೀಗಳಿಗೆ ಲೆಕ್ಕವಿಲ್ಲ. ಚಿಕ್ಕಪ್ಪ ಬಂದು ನನ್ನ ಕೈಹಿಡಿದು ಏನೋ ಹೇಳಲು ಹೋದರು. ಇದ್ದ ಒಂದು ವಾಕ್ಯವೂ ಈಗ ಉಪಯೋಗಕ್ಕಿಲ್ಲದೆ ಬರೀ ಕೆಮ್ಮಿ ಹೋದರು.

ಮರುದಿನ ಹತ್ತು ಗಂಟೆಗೆ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಪೇಪರು ಹಿಡಿದು ಕುಪ್ಪುಸಾಮಿ ಮಾವ ಬಂದರು.

"ಏನ್ಡಾ ಮಣಿ, ಪಾಸಾಯ್ತು ಅಂದೆಯಲ್ಲ. ಇಲ್ಲಿ ಮಸೋದಾ ತಂದ್ರು ಅಂತ ಮಾತ್ರ ಹಾಕಿದ್ದಾರೆ?"

"ಆಮ್ ಅಂದ್ರಲ್ಲ ಮಾವ, ನಾನೇ ಕೇಳಿದೆ."

"ಯಾವುದಕ್ಕೆ ಆಮ್ ಅಂದ್ರು?"

ಯಾವುದಕ್ಕೆ ಎಂಬುದನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಮಾವ ಕುರ್ಚಿ ಎಳೆದುಕೊಂಡು, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವಂತೆ ವಿವರಿಸಿದರು. ಮಸೂದೆಯನ್ನು ಸಭೆಯೊಳಗೆ ತರಬಹುದೇ ಎಂದು ಕೇಳುತ್ತಾರೆ, ಅದಕ್ಕೊಂದು ಆಮ್. ಚರ್ಚೆಗೆ ತೆಗೆದುಕೊಳ್ಳಬಹುದೇ, ಅದಕ್ಕೊಂದು. ಕೊನೆಗೆ ಪಾಸು ಮಾಡಬಹುದೇ, ಅದಕ್ಕೊಂದು. "ನೀನು ಕೇಳಿದ್ದು ಮೊದಲನೇ ಆಮ್. ಹೆಣ್ಣು ನೋಡೋಕೆ ಬರಬಹುದಾ ಅಂತ ಕೇಳಿದ್ದಕ್ಕೆ ಬನ್ನಿ ಅಂದಿದ್ದಾರೆ. ನೀನು ಊರಿಗೆಲ್ಲ ಮದುವೆ ಊಟ ಬಡಿಸಿಬಿಟ್ಟೆ."

ನನಗೆ ಚಿಕ್ಕಪ್ಪನ ನೆನಪು ಬಂತು. ಓಡಿದೆ. ಹೋಗಿ ನೋಡಿದರೆ ಮನೆಗೆ ಆಕಾಶವೇ ಸೂರು. ಚಿಕ್ಕಮ್ಮ ಅವರನ್ನು ಬೆಳಗಿನ ಐದಕ್ಕೇ ಎಬ್ಬಿಸಿದ್ದಳಂತೆ. ಹೆಂಚುಗಳೆಲ್ಲ ಅಂಗಳದಲ್ಲಿ ಪೇರಿಸಿದ್ದವು, ಗೆದ್ದಲು ಹಿಡಿದ ತೊಲೆಗಳು ಬೀದಿಗೆ ಅಡ್ಡ ಬಿದ್ದಿದ್ದವು, ನಡುವೆ ಅರ್ಧ ನೇಯ್ದ ಸೀರೆ ಹೊತ್ತ ಮಗ್ಗ ಬಿಸಿಲು ಕಾಯಿಸುತ್ತ ನಿಂತಿತ್ತು. ಮೇಟುಪಾಳ್ಯಂ ಕಡೆಯ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿತ್ತು. ನನ್ನನ್ನು ಕಂಡದ್ದೇ ಚಿಕ್ಕಮ್ಮ, "ಬಾಡಾ ಬಾ, ಸರಿಯಾದ ಹೊತ್ತಿಗೆ ಬಂದೆ. ಆ ಓಡು ಹಿಡಿ" ಎಂದು ಒಂದು ಹೆಂಚನ್ನು ತೋರಿಸಿದಳು.

ತಡವರಿಸುತ್ತ ವಿಷಯ ಹೇಳಿದೆ. ಚಿಕ್ಕಪ್ಪ ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಟ್ಟು, "ಹಂಗಾದ್ರೆ ಹೊಸ ತೊಲೆ ಹಾಕೋದು ಬೇಡ. ಪಟ್ಟಾ ಬರ್ಲಿ..." ಎಂದು ಶುರುಮಾಡಿದರು. ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಹೊಸಿಲ ಮೇಲೆ ಕುಸಿದು, "ಅಯ್ಯೋ ಕಡವುಳೇ, ಮಗ್ಗ ಬಯಲಲ್ಲಿ ನಿಂತಿದೆ, ಮಳೆ ಬೆಟ್ಟದ ಮೇಲೆ ಬಂದಿದೆ, ತೆಗೆದ ಓಡನ್ನ ಎಲ್ಲಿ ಇಡ್ಲಿ, ಈ ಮನುಷ್ಯನ್ನ ಎಲ್ಲಿ ಇಡ್ಲಿ" ಎಂದು ರಾಗವೆಳೆದಳು. ಆ ರಾಗ ಎಷ್ಟು ಚೆನ್ನಾಗಿತ್ತೆಂದರೆ, ಅಂಥ ಸಂಕಟದಲ್ಲೂ ನನ್ನ ಹಾಳು ಗಂಟಲು ಅದನ್ನು ಬರೆದಿಟ್ಟುಕೊಂಡಿತು. ಚಿಕ್ಕಪ್ಪ ಮಗ್ಗವನ್ನು ನೋಡಿದರು, ಮೋಡವನ್ನು ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ಸುತ್ತಿಗೆ ಎತ್ತಿಕೊಂಡರು.

ಅಂದಿನಿಂದ ನನ್ನ ಪ್ರಾಯಶ್ಚಿತ್ತ. ಮೊದಲು ಟಾರ್ಪಾಲು ತಂದು ಮಗ್ಗದ ಮೇಲೆ ಕಟ್ಟಿದೆ. ಅಂದೇ ಮಧ್ಯಾಹ್ನ ಮಳೆ ಹೊಡೆಯಿತು. ಒಂದು ಮೂಲೆಯ ಹಗ್ಗ ಬಿಚ್ಚಿಕೊಂಡಾಗ ಅದನ್ನು ಹಿಡಿದು ಒಂದು ಗಂಟೆ ಗೂಟವಾಗಿ ನಿಂತೆ. ಸೀರೆ ಉಳಿಯಿತು, ನನಗೆ ನೆಗಡಿ ಬಂತು. ಬಂದ ಮೂಗುದನಿಯಿಂದ ಎರಡು ಹೊಸ ಪಾತ್ರ ಸಿಕ್ಕವು, ಆದರೆ ಮಾಡಿ ತೋರಿಸುವ ಧೈರ್ಯ ಇರಲಿಲ್ಲ. ದಿನವೂ ಬೆಳಿಗ್ಗೆ ಆಫೀಸಿಗೆ ಮುಂಚೆ ತೊಲೆ ಹೊತ್ತೆ, ಹೆಂಚು ತೊಳೆದೆ, ಗಾರೆ ಕಲಸಿದೆ. ಬೀದಿಯ ಜನ ಹೋಗುವಾಗ ಬರುವಾಗ "ಸಬಾನಾಯಗರೇ, ನಮಸ್ಕಾರ" ಎಂದು ನಿಜವಾದ ಸಭಾಧ್ಯಕ್ಷರಿಗೆಂಬಂತೆ ಕೈಮುಗಿದರು. ಆದರೂ ಸಂಜೆ ಅವರೇ ಬಂದು ತೊಲೆಗೆ ಹೆಗಲು ಕೊಟ್ಟರು. ಕೆಲಸ ಸಾಗಿದಂತೆ ಚಿಕ್ಕಪ್ಪ, ಹೇಗೂ ಕೈಹಾಕಿದ್ದಾಯಿತು ಎಂದು ಕಿರುಗುಟ್ಟುವ ಬಾಗಿಲನ್ನೂ ಸರಿಮಾಡಿದರು, ಕಿತ್ತ ನೆಲಕ್ಕೂ ಸಿಮೆಂಟು ಬಳಿದರು.

ಅಧಿವೇಶನದ ಕೊನೆಯ ದಿನ ನಾನು ಕಿವಿಯನ್ನು ಮೊಬೈಲಿಗೆ ಅಂಟಿಸಿ, ಪ್ರತಿ ಆಮ್ ಯಾವುದಕ್ಕೆಂದು ಚೀಟಿಯಲ್ಲಿ ಬರೆದುಕೊಳ್ಳುತ್ತ ಕೇಳಿದೆ. ಪಟ್ಟಾ ಮಸೂದೆಯನ್ನು ಪರಿಶೀಲನಾ ಸಮಿತಿಗೆ ಕಳಿಸಿದರು. ಸಾಯಲಿಲ್ಲ, ಬದುಕಿದೆ ಎನ್ನಲೂ ಆಗದು. ಮೈಕು ಮುಟ್ಟದೆ ಹಲಗೆಯ ಮೇಲೆ ಬರೆದು, ಚಿಕ್ಕಮ್ಮನ ಮನೆಗೆ ಹೋದೆ.

ಚಿಕ್ಕಪ್ಪ ಮೇಲೆ ಕೂತು ಕೊನೆಯ ಸಾಲು ಹೆಂಚಿಗೆ ಗಾರೆ ಬಳಿಯುತ್ತಿದ್ದರು. ಚಿಕ್ಕಮ್ಮ ಒಳಗೆ, ಹೊಸ ಸೂರಿನ ಕೆಳಗೆ, ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದಳು. ಎಂದೂ ಇಲ್ಲದಂತೆ ನನ್ನದೇ ದನಿಯಲ್ಲಿ, ಅದು ಹೇಗಿರುತ್ತದೆಂದು ನನಗೇ ಮರೆತುಹೋಗಿತ್ತು, ಹೇಳಿದೆ: "ಚಿಕ್ಕಮ್ಮ, ಮಸೋದಾ ಸಮಿತಿಗೆ ಹೋಯ್ತು. ಪಟ್ಟಾ ಈಗ ಬರಲ್ಲ. ನನ್ನ ಮಾತು ನಂಬಿ ನೀನು ಇಷ್ಟು ಪಾಡು ಪಟ್ಟೆ. ಮನ್ನಿಸಿಬಿಡು."

ಅವಳು ಒಮ್ಮೆ ಮೇಲೆ ನೋಡಿದಳು. ಗಾರೆ ಬಳಿಯುವ ಸದ್ದು ನಿಂತಿಲ್ಲವೆಂದು ಖಾತ್ರಿ ಮಾಡಿಕೊಂಡು, ರಾಟೆ ತಿರುಗಿಸುತ್ತಲೇ ತಗ್ಗಿದ ದನಿಯಲ್ಲಿ ಹೇಳಿದಳು:

"ನಿನ್ನ ಮಾತು ನಂಬಿದ್ದು ಮೇಲೆ ಕೂತಿದ್ದಾರಲ್ಲ, ಅವರುಡಾ. ಇನ್ನೂ ಪಾಸಾಗಿಲ್ಲ ಅಂತ ಅವತ್ತು ಸಾಯಂಕಾಲವೇ ಟೀವಿಯಲ್ಲಿ ಹೇಳಿದ್ರು. ನಿಮ್ಮ ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ರು. ಅವರು ಬರೋದರೊಳಗೆ ಟೀವಿ ಆರಿಸಿದ್ದು ನಾನೇ."