'ಬರ್ತೀನಿ' ಅಂದವರ ಮೇಲೆ ಶಿಸ್ತುಕ್ರಮ

ಶಿಸ್ತು ತರಲು ಹೊರಟವರನ್ನೇ ಇಂಥ ಫಜೀತಿಗಳು ಹುಡುಕಿಕೊಂಡು ಬರುತ್ತವೆ. ಎರಡು ಸಾವಿರದ ಏಳೋ ಎಂಟೋ ಇರಬೇಕು. ನ್ಯೂಜಿಲೆಂಡಿನಲ್ಲಿದ್ದ ನಾವು ಕೆಲವು ಕನ್ನಡಿಗರು ಭಾನುವಾರ ಮಧ್ಯಾಹ್ನ ಕಿವಿಗೆ ಹೆಡ್‌ಫೋನ್ ಏರಿಸಿ, ಆನ್‌ಲೈನ್ ಆಟವೊಂದರಲ್ಲಿ ರಾಕ್ಷಸರನ್ನು ಕೊಲ್ಲುತ್ತಿದ್ದೆವು. ಪುಕೆಕೊಹೆಯಲ್ಲಿ ನರ್ಸ್ ಆಗಿದ್ದ ನನಗೆ ಗದರಿಸುವುದು ಚೆನ್ನಾಗಿ ಬರುತ್ತದೆಂದು ನನ್ನನ್ನೇ ತಂಡದ ನಾಯಕಿ ಮಾಡಿದ್ದರು.

೧. ಬೈಗುಳ

ಮೊದಲ ನಿಯಮ, ಯಾರೂ ಬೈಯಬಾರದು. ಮನುಕಾವ್‌ನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದ ದಾವಣಗೆರೆಯ ಭಾಯ್ ಅದನ್ನು ಅವತ್ತೇ ಮುರಿದರು. ರಾಕ್ಷಸ ಹೊಡೆದದ್ದೇ ತಡ, "ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಕೂಗಿದರು.

"ಭಾಯ್, ಒಂದು ವಾರ ನಿಮಗೆ ಆಟ ಇಲ್ಲ," ಎಂದೆ.

"ಅದು ಬೈಗುಳ ಅಲ್ಲ ಸಿಸ್ಟರ್! ನಮ್ಮ ಅಮ್ಮಿ ದಿನಾ ನನ್ನ ಎಬ್ಬಿಸ್ತಿದ್ದೇ ಹಿಂಗೆ. ಈ ದೇಶಕ್ಕೆ ಬಂದ್ಮೇಲೆ ಯಾರೂ ಹಂಗೆ ಎಬ್ಬಿಸಿಲ್ಲ ನೋಡ್ರಿ."

ಶಿಕ್ಷೆ ರದ್ದಾಯಿತು. ಮುಂದಿನ ವಾರದಿಂದ ಎಲ್ಲರೂ ಮನಸಾರೆ ಬೈದು, ಅದನ್ನು ತಂತಮ್ಮ ತಾಯಂದಿರ ತಲೆಗೆ ಕಟ್ಟತೊಡಗಿದರು.

೨. ಬಹುವಚನ

ಆಮೇಲೆ ಕ್ರೈಸ್ಟ್‌ಚರ್ಚಿನ ಹಿರಿಯ ಡಾಕ್ಟರೊಬ್ಬರು ಸೇರಿದರು. ಮೈಸೂರಿನಲ್ಲಿ ನಾನು ಕೆಲಸ ಕಲಿತದ್ದೇ ಅವರ ವಾರ್ಡಿನಲ್ಲಿ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮನೆಯಲ್ಲಿ ಕನ್ನಡದಲ್ಲಿ ಮಾತಾಡುವವರೇ ಇರಲಿಲ್ಲ.

ರಾಕ್ಷಸ ಅವರ ಬೆನ್ನ ಹಿಂದೆ ಬಂದಿದ್ದ. "ಸರ್, ತಪ್ಪು ತಿಳೀಬೇಡಿ, ದಯವಿಟ್ಟು ಸ್ವಲ್ಪ ಎಡಕ್ಕೆ..." ಎನ್ನುವಷ್ಟರಲ್ಲಿ ಸರ್ ಸತ್ತಿದ್ದರು.

ಯುದ್ಧದಲ್ಲಿ ಏಕವಚನವೇ ಎಂದು ನಿಯಮ ಮಾಡಿದೆವು. ಮುಂದಿನ ಸಲ ಕಣ್ಣು ಮುಚ್ಚಿಕೊಂಡು "ಓಡೋ!" ಎಂದೆ. ಅಂದಕೂಡಲೇ ಹೆದರಿಕೆಯಾಗಿ, ವಾರ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ಎದ್ದು ನಿಂತೆ. ಸರ್ ಬದುಕಿದರು, ನಾನು ಸತ್ತೆ.

೩. ಬರ್ತೀನಿ

ಒಂದು ಭಾನುವಾರ ರಾಕ್ಷಸರ ಗುಹೆಯ ಬಾಗಿಲಲ್ಲಿ ನಿಂತಿದ್ದಾಗ ಸರ್ "ಬರ್ತೀನಿ" ಎಂದರು. ಅವರೂ ಜೊತೆಗೆ ಬರುತ್ತಾರೆಂದು ನಾವು ಒಳಗೆ ನುಗ್ಗಿದೆವು. ಅವರೋ ವಿದಾಯ ಹೇಳಿ, ಕಂಪ್ಯೂಟರ್ ಆರಿಸಿ, ಅನ್ನಕ್ಕಿಡಲು ಹೋಗಿದ್ದರು. ಎಲ್ಲರೂ ಸತ್ತೆವು. ಮುಂದಿನ ವಾರವೂ ಅದೇ ಕಥೆ.

ಅವರನ್ನು ತಂಡದಿಂದ ತೆಗೆಯಲೇಬೇಕೆಂದು ಉಳಿದವರು ಪಟ್ಟು ಹಿಡಿದರು. ಎಲ್ಲರಿಗಿಂತ ಜೋರು ಭಾಯ್‌ದು. ತೆಗೆದರೆ ಸರ್ ಭಾನುವಾರವಿಡೀ ಯಾರೊಡನೆ ಮಾತಾಡಬೇಕು? ನನಗೆ ಸಂಕಟವಾಯಿತು.

"ಸರ್, ಹೊರಡುವಾಗ 'ಹೋಗ್ತೀನಿ' ಅಂದ್ಬಿಡಿ, ಸಾಕು. ಇಲ್ದಿದ್ರೆ ಇವರೆಲ್ಲ ನಿಮ್ಮನ್ನ ತೆಗೀಬೇಕು ಅಂತಿದ್ದಾರೆ," ಎಂದೆ.

"ತೆಗೀರಮ್ಮ, ಪರವಾಗಿಲ್ಲ. ಆ ಮಾತು ಮಾತ್ರ ನಾನು ಆಡಲ್ಲ. ಕೊನೇ ಸಲ ಆಸ್ಪತ್ರೆಗೆ ಹೊರಟಾಗ ನಮ್ಮ ಮನೆಯವಳು ಹಾಗಂದಿದ್ದಳು."

ಭಾಯ್ ತಾವೇ ಹೊಸ ನಿಯಮ ಹೇಳಿದರು. "ನೀವು 'ಬರ್ತೀನಿ' ಅಂತಲೇ ಅನ್ರಿ ಸರ್. ನೀವು ಹಂಗಂದ ಕೂಡ್ಲೇ, ಸರ್ ಹೊರಟ್ರು ಅಂತ ತಿಳ್ಕೊಂಡು ನಾವೇ ವಾಪಸ್ ಓಡ್ತೀವಿ."

ಮುಂದಿನ ಭಾನುವಾರ ಯುದ್ಧದ ನಟ್ಟನಡುವೆ ಸರ್ "ಬರ್ತೀನಿ" ಎಂದರು. ನಿಯಮ ಅಂದರೆ ನಿಯಮ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ತಿರುಗಿ ನೋಡಿದರೆ ಸರ್ ರಾಕ್ಷಸನ ಎದುರು ಒಬ್ಬರೇ ನಿಂತಿದ್ದಾರೆ!

"ಎಲ್ರೂ ಎಲ್ಲಿಗೆ ಓಡ್ತಿದ್ದೀರ?"

"ನೀವು 'ಬರ್ತೀನಿ' ಅಂದ್ರಲ್ಲ ಸರ್!"

"ಅಂದೆ. ಅಂದ ತಕ್ಷಣ ಹೊರಟುಬಿಡೋದಕ್ಕೆ ನಾನೇನು ಈ ದೇಶದವನೇನಮ್ಮ? ಬಾಗಿಲಲ್ಲಿ ನಿಂತು ಇನ್ನರ್ಧ ಗಂಟೆ ಮಾತಾಡೋದು ಬೇಡವಾ?"