ಪುಣ್ಯಕ್ಕೆ ಟೇಪು ಹಿಡಿಯುವ ಬೀಗರು

ನಮ್ಮ ಬೀಗರು ಸ್ವರ್ಗಕ್ಕೆ ಹೋಗುವುದು ಖಂಡಿತ. ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಹೋದ ಮೇಲೆ ಸ್ವರ್ಗ ಸುಸೂತ್ರವಾಗಿ ನಡೆದೀತೇ ಎಂಬುದೊಂದೇ ನನ್ನ ಚಿಂತೆ! ಬಾಗಿಲು ತೆರೆದ ದೇವದೂತನಿಗೆ ಒಂದು ನಮಸ್ಕಾರ ಹೇಳುವ ಮೊದಲೇ, "ಈ ಬಾಗಲಾ ಒಳಗ ತೆರೀತೈತೋ, ಹೊರಗ ತೆರೀತೈತೋ? ಗದ್ದಲಾದ್ರ ಮಂದಿ ಹೊರಗ ಹೋಗೂದು ಹೆಂಗ?" ಎಂದು ಕೇಳುತ್ತಾರೆ. ಪಾಪ, ದೇವದೂತ "ಇಲ್ಲಿಂದ ಯಾರೂ ಹೊರಗ ಹೋಗೂದಿಲ್ಲರಿ" ಅಂದನೋ, "ಹಂಗಂತ ಬರದು ಸಹಿ ಮಾಡಿ ಕೊಡ್ರಿ" ಅನ್ನುತ್ತಾರೆ.

ಬೀಗರು ಅಂದರೆ ನನ್ನ ಮಗಳ ಮಾವ. ಮಗಳು ತನ್ನ ಕಾಲೇಜಿನ ಗೆಳೆಯನನ್ನೇ ಮದುವೆಯಾಗುತ್ತೇನೆ ಎಂದಾಗ, ಹುಡುಗ ಕ್ರಿಶ್ಚಿಯನ್ ಎಂದು ನಮ್ಮ ಮನೆಯಲ್ಲಿ ಒಂದು ವಾರ ಯಾರೂ ಯಾರ ಜೊತೆಗೂ ಮಾತಾಡಲಿಲ್ಲ. ಅವರೂ ನಮ್ಮಂತೆ ಗದಗಿನ ಕಡೆಯವರು, ಹೈದರಾಬಾದಿಗೆ ಬಂದು ನಲವತ್ತು ವರ್ಷವಾದರೂ ಮನೆಯಲ್ಲಿ ದಿನಾ ಜೋಳದ ರೊಟ್ಟಿ ಬಡಿಯುತ್ತಾರೆ ಎಂಬ ಸುದ್ದಿ ಬಂದ ಮೇಲೆ ನಮ್ಮ ಯಜಮಾನರು ಬಾಯಿ ಬಿಟ್ಟರು. "ರೊಟ್ಟಿ ತಿನ್ನೋ ಮಂದಿ ಕೆಟ್ಟವರಿರೂದಿಲ್ಲ" ಎಂದರು. ಕೆಟ್ಟವರಲ್ಲ, ನಿಜ. ಆದರೆ ಇಂಥವರಿರುತ್ತಾರೆ ಎಂದು ಯಾರು ಕಂಡಿದ್ದರು?

ಮದುವೆ ಮಾತುಕತೆಗೆ ಬಂದ ದಿನವೇ ಗೊತ್ತಾಗಬೇಕಿತ್ತು. ನಾನು ಮಾಡಿದ ಶಿರಾ ಆರಿ ಹೋಗುತ್ತಿದೆ, ಇವರು ಅದನ್ನು ಮುಟ್ಟದೆ, "ನಿಮ್ಮ ಮನ್ಯಾಗ ನಿರ್ಣಯ ಯಾರು ತಗೋತಾರ್ರಿ?" ಎಂದು ಕೇಳಿದರು. ನಾನು ವಿನಯದಿಂದ ಯಜಮಾನರ ಕಡೆ ಕೈ ತೋರಿಸಿದೆ. ಯಜಮಾನರು ಭಯದಿಂದ ನನ್ನ ಕಡೆ ಕೈ ತೋರಿಸಿದರು. ಬೀಗರು ಇಬ್ಬರನ್ನೂ ನೋಡಿ, "ಅಂದ್ರ ಜವಾಬ್ದಾರಿ ಯಾರದೂ ಇಲ್ಲ" ಎಂದು ಶಿರಾ ತಿನ್ನಲು ಶುರು ಮಾಡಿದರು!

ಅವರು ಮೂವತ್ತು ವರ್ಷ ಹೈದರಾಬಾದಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದವರು. ಇನ್ನೊಬ್ಬರು ಮಾಡಿದ ಸಾಮಾನನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವ ಕೆಲಸ. ನಿವೃತ್ತಿಯಾದ ಮೇಲೆ ಬಣ್ಣ ಕಾರ್ಖಾನೆಯಲ್ಲೇ ಉಳಿಯಿತು, ಕಣ್ಣು ಮಾತ್ರ ಇವರ ಜೊತೆ ಮನೆಗೆ ಬಂತು. ಸೊಸೆಯ ಅಡುಗೆಮನೆ ಅಳೆದು ಮುಗಿಸುವಷ್ಟರಲ್ಲಿ ನನ್ನ ಮಗಳ ಪುಣ್ಯಕ್ಕೆ ಅವರ ಚರ್ಚಿನವರು ಇವರನ್ನು ಸಹಾಯ ಸಮಿತಿಗೆ ಸೇರಿಸಿಕೊಂಡರು.

ಈ ಸಮಿತಿಯ ಕೆಲಸ ದೊಡ್ಡದೇ. ಅನಾಥ ಮಕ್ಕಳನ್ನು ಸಾಕುವವರು, ಕಣ್ಣಿಲ್ಲದವರಿಗೆ ಕೆಲಸ ಕಲಿಸುವವರು, ಹೀಗೆ ಒಬ್ಬಿಬ್ಬರು ಸೇರಿ ನಡೆಸುವ ಚಿಕ್ಕಪುಟ್ಟ ಸಂಸ್ಥೆಗಳಿಗೆ ಬೇಕಾದ ಸಾಮಾನು ಕೊಡುವುದು, ನೋಂದಣಿ ಹೇಗೆ, ನಿಯಮಾವಳಿ ಹೇಗೆ ಎಂದು ದಾರಿ ತೋರಿಸುವುದು. ಯೇಸುವಿನ ಹೆಸರಲ್ಲಿ ಮಾಡುವ ಸೇವೆ, ಕೇಳುವವರ ಜಾತಿಧರ್ಮ ನೋಡುವುದಿಲ್ಲ. ಎಷ್ಟು ಒಳ್ಳೆಯ ಮಾತು! ಆದರೆ ದಾರಿ ತೋರಿಸಲು ಕೂರಿಸಿದ್ದು ಯಾರನ್ನು? ದಾರಿಯಲ್ಲಿರುವ ಒಂದೊಂದು ಕಲ್ಲನ್ನೂ ಎಣಿಸಿ, "ಇದು ದಾರಿನ ಅಲ್ಲ" ಎನ್ನುವವರನ್ನು.

ಒಮ್ಮೆ ಯುಗಾದಿಗೆ ಹೋಳಿಗೆ ಕೊಡಲು ಹೋದವಳು ಚರ್ಚಿನ ಹಿಂದಿನ ಕೋಣೆಯಲ್ಲಿ ಇವರ ದರ್ಬಾರು ಕಣ್ಣಾರೆ ಕಂಡೆ. ಎದುರಿಗೆ ಒಬ್ಬ ಪ್ಯಾಂಟು ಇಸ್ತ್ರಿ ಮಾಡಿಕೊಂಡು ಬಂದ ತೆಲುಗು ಯುವಕ. ಅವನ ಸಂಸ್ಥೆಯ ಹೆಸರನ್ನು ಓದಿ ಮುಗಿಸಲು ಬೀಗರಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಕೊನೆಯ ಶಬ್ದ 'ಇಂಟರ್‌ನ್ಯಾಷನಲ್'.

"ಇಂಟರ್‌ನ್ಯಾಷನಲ್ ಅಂದ್ರೆ ಎಲ್ಲಿ ತನಕ ತಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು.

"ಸದ್ಯಕ್ಕೆ ಬಾಲಾನಗರ ತನಕ ಸಾರ್."

ಮತ್ತೊಮ್ಮೆ ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನ ನಾಲ್ಕು ಜನ ಶ್ರೀಮಂತರು ನಾಂಪಲ್ಲಿ ಸ್ಟೇಷನ್ ಹೊರಗೆ ಮಲಗುವವರಿಗೆ ರಗ್ಗು ಹಂಚಲು ಹೊರಟರು. ಜೊತೆಗೆ ಒಬ್ಬ ಫೋಟೋದವನು, ಒಂದು ಬ್ಯಾನರು. ಬೀಗರು ಕ್ಯಾಮೆರಾದ ಮುಂದೆ ನಿಂತುಬಿಟ್ಟರು. "ಫೋಟೋ ಬೇಕಂದ್ರ ರಗ್ಗಿಂದು ತಗೀರಿ. ಅದಕ್ಕ ನಾಚಿಕಿ ಆಗೂದಿಲ್ಲ." ಅಂಥ ಚಳಿಯಲ್ಲಿ ದಾನಿಗಳ ಹಣೆಯಲ್ಲಿ ಬೆವರು! ಉಪಕಾರ ಮಾಡಲು ಬಂದವರಿಗೆ ಒಂದು ಫೋಟೋದ ಸುಖವನ್ನೂ ಕೊಡದ ಇವರಿಗೆ ಕ್ರೈಸ್ತ ಕರುಣೆ ಅಂದರೆ ಏನೆಂದು ಯಾರಾದರೂ ಹೇಳಿಕೊಡಬಾರದೇ ಎಂದು ಆಗ ನಾನು ಮಗಳ ಮುಂದೆ ರಂಪ ಮಾಡಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಹೋಗಿ ಅವರ ಕೈಗೆ ಸಿಕ್ಕಿಬಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ?

ಆದದ್ದಿಷ್ಟು. ಹೈದರಾಬಾದಿನ ಬೇಗಂ ಬಜಾರಿನಲ್ಲಿ ನನ್ನ ತಮ್ಮನದು ಕಿರಾಣಿ ಹೋಲ್‌ಸೇಲ್ ಅಂಗಡಿ. ಪಕ್ಕದಲ್ಲಿ ಒಂದು ಖಾಲಿ ಕೋಣೆ. ನಾವು ನಾಲ್ಕು ಜನ ಗೆಳತಿಯರು ಮಹಿಳಾ ಮಂಡಳಿ ಕಟ್ಟಿ, ಅಲ್ಲಿಯ ಗೋದಾಮುಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ನಿಂತೆವು. ಉದ್ಘಾಟನೆ ದಿನ ರಿಬ್ಬನ್ನು, ಭಾಷಣ, ಗುಲಾಬ್ ಜಾಮೂನು. ಕೋಣೆ ತುಂಬ ಜನ. ಮರುದಿನ ಬಂದವರು ಇಬ್ಬರು. ಮೂರನೇ ದಿನ ನಾವೇ ನಾಲ್ಕು ಜನ, ಒಬ್ಬರ ಬ್ಲೌಸು ಇನ್ನೊಬ್ಬರು ಹೊಲಿದುಕೊಂಡು ಕೂತೆವು. ಇನ್ನೂ ನಾಲ್ಕು ಹೊಸ ಮಷಿನ್ನು ಇಟ್ಟರೆ ಜನ ಬಂದಾರು ಎಂದು ಅಧ್ಯಕ್ಷೆಯ ಲೆಕ್ಕಾಚಾರ. ಬೀಗರ ಸಮಿತಿಗೆ ಅರ್ಜಿ ಹಾಕಿದೆವು. ಸ್ವಂತ ಬೀಗತಿಗೆ ಇಲ್ಲ ಅನ್ನುತ್ತಾರೆಯೇ?

ಬಂದರು. ಕೋಣೆಯನ್ನು ಟೇಪಿನಿಂದ ಅಳೆದರು. ಸಂಡಾಸ ಎಲ್ಲಿ ಎಂದು ಕೇಳಿದರು. ನಾನು ಕೊಟ್ಟ ಚಹಾ ಕುಡಿದರು. ಆಮೇಲೆ, "ಹೊಲಿಗಿ ಕಲಸ್ರಿ ಅಂತ ನಿಮಗ ಯಾರು ಕೇಳಿದ್ರು?" ಎಂದರು.

ಅಧ್ಯಕ್ಷೆ ಎದೆಯುಬ್ಬಿಸಿ, "ಕೇಳೂದೇನೈತ್ರಿ? ಬಡವರಿಗೆ ಏನು ಬೇಕಂತ ನಮಗ ಗೊತ್ತಿಲ್ಲೇನು?" ಅಂದಳು.

"ಗೊತ್ತಿದ್ರ ಕ್ಲಾಸು ಯಾಕ ಖಾಲಿ ಐತಿ?"

ಮೂರು ದಿನಕ್ಕೆ ಒಂದು ಪತ್ರ ಬಂತು. 'ಅರ್ಜಿಯನ್ನು ಸದ್ಯಕ್ಕೆ ಒಪ್ಪಲಾಗದು. ಓಣಿಯಲ್ಲಿ ದುಡಿಯುವ ಹತ್ತು ತಾಯಂದಿರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಬರುವುದು. ನಿಮ್ಮ ಅಭಿಪ್ರಾಯ ಸೇರಿಸಬಾರದು.' ಬೀಗತಿಗೆ! ಅಂಚೆಯಲ್ಲಿ! ಆ ವರ್ಷ ಅವರ ಮನೆಗೆ ನಾನು ಮಾವಿನಕಾಯಿ ಉಪ್ಪಿನಕಾಯಿ ಕಳಿಸಲಿಲ್ಲ. ಮಗಳು ಫೋನು ಮಾಡಿ, "ಅವ್ವಾ, ಮಾವನೋರ ಮ್ಯಾಲಿನ ಸಿಟ್ಟು ನನ್ನ ಊಟದ ಮ್ಯಾಲೆ ಯಾಕ ತೀರಸ್ಕೋತಿ?" ಎಂದು ಅತ್ತಳು. ನಾನು ಕರಗಲಿಲ್ಲ.

ಅವರ ಮಾತು ಸುಳ್ಳು ಮಾಡಬೇಕೆಂಬ ಹಟಕ್ಕೇ ನೋಟುಬುಕ್ಕು ಹಿಡಿದು ಓಣಿಗಿಳಿದೆ. ಮೊದಲ ಗೋದಾಮಿನಲ್ಲೇ ಯಾದಮ್ಮ ಸಿಕ್ಕಳು. ಒಣ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಮೂರು ವರ್ಷದ ಮಗಳು ಮಲ್ಲಿ. ಹರಿದ ಸೀರೆಯ ಪಟ್ಟಿಯಿಂದ ಮಗುವಿನ ಕಾಲನ್ನು ಮೂಟೆಗೆ ಕಟ್ಟಿದ್ದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದ ಕೂಸು ಆ ಪಟ್ಟಿ ಎಳೆಯುವಷ್ಟು ದೂರ ಹೋಗಿ ವಾಪಸ್ ಬರುತ್ತಿತ್ತು.

"ಕಟ್ಟದಿದ್ರೆ ಟೆಂಪೋ ಕೆಳಗೆ ಹೋಗ್ತಾಳಮ್ಮಾ" ಎಂದಳು ಯಾದಮ್ಮ, ನಾನು ಬೈಯುವ ಮೊದಲೇ. "ಹೊಲಿಗೆ ಕಲಿಯೋಕೆ ಬರ್ತೀನಿ. ಇವಳನ್ನ ಯಾರು ನೋಡ್ತಾರೆ?"

ಉಳಿದ ಒಂಬತ್ತು ಜನರೂ ಸುತ್ತಿ ಬಳಸಿ ಅದನ್ನೇ ಹೇಳಿದರು. ನಾನು ನೋಟುಬುಕ್ಕು ಒಯ್ದು ಬೀಗರ ಮುಂದೆ ಕುಕ್ಕಿದೆ. ಅವರು ಓದಿದರು. ಗೆದ್ದೆ ಅಂತ ನಗಲಿಲ್ಲ; ನಕ್ಕಿದ್ದರೆ ಜಗಳವಾಡಲು ನನಗೂ ಅನುಕೂಲವಿತ್ತು. "ಅಭಿಪ್ರಾಯ ಸೇರಿಸಿಲ್ಲ. ಚಲೋ ಆತು" ಎಂದರು ಅಷ್ಟೇ.

ಮಷಿನ್ನುಗಳು ಹೋಗಿ ಕೋಣೆಗೆ ಚಾಪೆ, ತೊಟ್ಟಿಲು ಬಂದವು. ಆದರೆ ಕೂಸುಗಳು ಬರುವ ಮೊದಲು ಬೀಗರು ಎಂಟು ಸಲ ಬಂದರು! ಕಿಟಕಿಯ ಸರಳುಗಳ ನಡುವೆ ತಂಬಿಗೆ ತೂರಿಸಿ, "ಚರಗಿ ಹೋತು ಅಂದ್ರ ಕೂಸಿನ ತಲಿನೂ ಹೋಗ್ತೈತಿ" ಎಂದು ಜಾಲರಿ ಹಾಕಿಸಿದರು. ನೀರಿನ ಡ್ರಮ್ಮಿನ ಮುಚ್ಚಳ ನಾನು ತೆಗೆದಷ್ಟೇ ಸುಲಭವಾಗಿ ಕೂಸೂ ತೆಗೆದೀತು ಎಂದು ಬದಲಾಯಿಸಿದರು. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ಗೋಡೆ ಅಳೆದರು. ಅಧ್ಯಕ್ಷೆ ನನ್ನ ಕಿವಿಯಲ್ಲಿ, "ನಿನ್ನ ಬೀಗರು ತಮ್ಮ ಮದುವಿ ಮುಂಚೆ ಹೆಣ್ಣನ್ನೂ ಹಿಂಗ ಅಳದಿದ್ರೇನು?" ಎಂದಳು. ಕೊನೆಗೆ ಸಮಿತಿ ದಿನದ ಹಾಲು, ಮಕ್ಕಳನ್ನು ನೋಡಿಕೊಳ್ಳಲು ತರಬೇತಾದ ಒಬ್ಬ ಆಯಾ, ಎರಡನ್ನೂ ಒಪ್ಪಿಕೊಂಡಿತು. ಹನ್ನೊಂದು ಮಕ್ಕಳಾದವು. ಮೊದಲು ಬಂದವಳು ಮಲ್ಲಿ.

ಮೊನ್ನೆ ಶ್ರಾವಣದಲ್ಲಿ ಒಂದು ದಿನ ಬೀಗರು ಒಂಬತ್ತನೇ ತಪಾಸಣೆಗೆ ವಕ್ಕರಿಸಿದ್ದರು. ಸಂಜೆ ಆರಕ್ಕೆ ತಾಯಂದಿರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಯಾದಮ್ಮ ಬರಲಿಲ್ಲ. ಗೋದಾಮಿಗೆ ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಫೋನು ಮಾಡಿದರೆ ಬಂದ್. ಆರೂವರೆಯಾಯಿತು. ಮಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು ಓಣಿಯ ತುದಿ ನೋಡತೊಡಗಿದಳು. ಅಳಲಿಲ್ಲ, ಅದೇ ನನಗೆ ಹೆದರಿಕೆ.

ನಾನು ಬಿಸ್ಕೀಟು ತಂದೆ. ತಗೊಳ್ಳಲಿಲ್ಲ. "ಈಗ ಬಂದಬಿಡ್ತಾಳ ನಿಮ್ಮವ್ವ" ಎಂದು ತೆಲುಗಿನಲ್ಲಿ ರಮಿಸಿದೆ.

"ಗೊತ್ತಿಲ್ಲದ್ದು ಹೇಳಬ್ಯಾಡ್ರಿ" ಎಂದರು ಬೀಗರು.

ಆಹಾ, ಇಲ್ಲೂ ಶುರುವಾಯಿತು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನೋಯುವ ಮೊಣಕಾಲು ಹಿಡಿದುಕೊಂಡು, ಗೋಡೆಗೆ ಕೈ ಊರಿ, ಮೆಲ್ಲಗೆ ಆ ಕಟ್ಟೆಯ ಮೇಲೆ ಮಲ್ಲಿಯ ಪಕ್ಕ ಕೂತರು. ಹಮಾಲರು, ಗಾಡಿಗಳು, ಸ್ಕೂಟರುಗಳು ಮೊಣಕಾಲಿಗೆ ತಾಗುವಂತೆ ಹಾದು ಹೋಗುತ್ತಿದ್ದವು. ಮಲ್ಲಿ ಆಗಾಗ ತಿರುಗಿ, "ಅಮ್ಮ ಬಂದಳಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದಳು. "ಇನ್ನೂ ಇಲ್ಲಮ್ಮಾ. ನೋಡೋಣ" ಎನ್ನುತ್ತಿದ್ದರು ಇವರು. ಇಬ್ಬರೂ ಮತ್ತೆ ಓಣಿಯ ತುದಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಕೂಸು ಇವರ ಅಂಗಿಯ ತೋಳು ಹಿಡಿದುಕೊಂಡಿತು.

ನನ್ನ ಕಡೆ ತಿರುಗದೆಯೇ ಬೀಗರು ಹೇಳಿದರು: "ನಾನು ಮಿಷನ್ ಬೋರ್ಡಿಂಗ್‌ನ್ಯಾಗ ಬೆಳದಾಂವ್ರಿ. ಐದು ವರ್ಷದಾಂವ ಇದ್ದೆ. ಅವ್ವ ಬಿಟ್ಟು ಹೋಗೂವಾಗ ಶನಿವಾರ ಬರ್ತೀನಿ ಅಂದ್ಲು. ಶನಿವಾರ ಪೂರಾ ಗೇಟಿನ ಹಂತ್ಯಾಕ ಕುಂತೆ. ಆ ವಾರನ ಆಕಿ ತೀರಕೊಂಡಿದ್ಲು, ನನಗ ಆಮ್ಯಾಲೆ ಹೇಳಿದ್ರು. ಅಲ್ಲಿಯವರು ಚಲೋ ಮಂದಿ. ಊಟಾ ಹಾಕಿದ್ರು, ಬಟ್ಟಿ ಕೊಟ್ರು, ಓದಿಸಿದ್ರು. ಆ ಋಣಾ ನಾನು ಮರಿಯೂದಿಲ್ಲ." ಕೂಸು ಹಿಡಿದ ತೋಳನ್ನು ಅಲುಗಿಸದೆ, "ಆದ್ರ ಆವತ್ತು ನನ್ನ ಬಾಜೂಕ ಯಾರೂ ಕುಂಡರಲಿಲ್ಲರಿ" ಎಂದರು.

ಏಳೂವರೆಗೆ ಒಂದು ಆಟೋ ಬಂದು ನಿಂತಿತು. ಯಾದಮ್ಮ ಇಳಿದಳು, ಪಾದಕ್ಕೆ ದೊಡ್ಡ ಬ್ಯಾಂಡೇಜು. ಮೂಟೆ ಜಾರಿ ಕಾಲ ಮೇಲೆ ಬಿದ್ದು, ಜೊತೆಯವರು ದವಾಖಾನೆಗೆ ಹೊತ್ತುಕೊಂಡು ಹೋಗಿದ್ದರಂತೆ. "ತಪ್ಪಾಯ್ತು ಸಾರ್, ತಡ ಆಯ್ತು" ಎಂದು ಕೈ ಮುಗಿದಳು. ಮಲ್ಲಿ ಕಟ್ಟೆಯಿಂದ ಜಿಗಿದು ಓಡಿ ಅವಳ ಸೀರೆಯಲ್ಲಿ ಮುಖ ಹುದುಗಿಸಿದಳು. ಆಮೇಲೆ ಜೋರಾಗಿ ಅತ್ತಳು. ಇಬ್ಬರನ್ನೂ ನಾನು ಆಟೋ ಹತ್ತಿಸಿ ಕಳಿಸಿದೆ.

ತಿರುಗಿ ನೋಡಿದರೆ ಬೀಗರು ಅಲ್ಲೇ ಕೂತಿದ್ದರು, ಆಟೋ ಹೋದ ಕಡೆ ನೋಡುತ್ತ.

"ಬಂದ್ಲಲ್ಲರಿ?" ಎಂದು ಕೇಳಿದರು.

ಅವರ ಕಣ್ಣೆದುರಿಗೇ ಬಂದು ಹೋಗಿದ್ದಳು. ಕಟ್ಟೆಯ ಮೇಲೆ ಮಲ್ಲಿ ಬಿಟ್ಟುಹೋದ ಜಾಗದಲ್ಲಿ ಕೂತೆ.

"ಬಂದ್ಲು ಅಣ್ಣಾ," ಎಂದೆ. "ಬಂದ್ಲು."